ಕತ್ತಿ ಅದ್ದಿ ನೋಡುವ ಪರೀಕ್ಷೆ ಮತ್ತು ಗಿಡದ ರೋಗನಿರೋಧಕ ಶಕ್ತಿ

ಮೇ ತಿಂಗಳು ಬಂತು ಅಂದ್ರೆ ನಮ್ಮ ಮಡಿಕೇರಿ ಸುತ್ತಮುತ್ತ ಎಲ್ಲ ತೋಟಗಳಲ್ಲೂ ಒಂದೇ ಕೆಲಸ. ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ. ಎರಡನ್ನೂ ಸೇರಿಸಿ ಬೋರ್ಡೋ ದ್ರಾವಣ ಮಾಡಿದ ಮೇಲೆ ಕೆಲಸದ ಹಿರಿಯರು ಕತ್ತಿಯ ಅಲಗನ್ನು ಒರೆಸಿ ಅದರಲ್ಲಿ ಅದ್ದಿ ನೋಡ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ "ಸುಣ್ಣ ಸಾಲದು, ಇನ್ನೂ ಸ್ವಲ್ಪ ಹಾಕಿ" ಅಂತಾರೆ. ಹಾಗೇ ಹೊಡೆದರೆ ಎಲೆ ಸುಡುತ್ತದೆ ಅಂತ ಅವರಿಗೆ ಗೊತ್ತು.

ಕಳೆದ ವಾರ ನಾನೂ ಇದೇ ಕೆಲಸದಲ್ಲಿದ್ದೆ. ಆಗ ಪಕ್ಕದ ತೋಟದ ಹುಡುಗ ಬಂದ. ಹೋದ ವರ್ಷ ಜುಲೈನಲ್ಲಿ ಅವನ 400 ಮೆಣಸಿನ ಬಳ್ಳಿಗಳಲ್ಲಿ 140 ಬಳ್ಳಿ ಶೀಘ್ರ ಸೊರಗು ರೋಗಕ್ಕೆ ಹೋಗಿದ್ದವು. ಆ ಬಳ್ಳಿಗಳನ್ನು ನಂಬಿ ಮಾಡಿದ ಸಾಲ ಇನ್ನೂ ಹಾಗೇ ಇದೆ.

"ಅಕ್ಕಾ, ಈ ಸಲ ಮೈಲುತುತ್ತ, ಸುಣ್ಣ ಏನೂ ಬೇಡ ಅಂತ ಇದ್ದೀನಿ. ಇದು ನೋಡಿ" ಅಂತ ಫೋನ್ ಮುಂದೆ ಹಿಡಿದ. ವಾಟ್ಸಾಪಿನಲ್ಲಿ ಬಂದ ವಿಡಿಯೊ. ತಲೆನೋವಿಗೆ ತಗೊಳ್ಳುವ ಆಸ್ಪಿರಿನ್ ಮಾತ್ರೆ ನೀರಿಗೆ ಕರಗಿಸಿ ಹೊಡೆದರೆ ಗಿಡದ ರೋಗನಿರೋಧಕ ಶಕ್ತಿ ಏರುತ್ತದೆ, ಬೇರೆ ಯಾವ ಔಷಧವೂ ಬೇಡ ಅಂತ ಒಬ್ಬರು ಧೈರ್ಯವಾಗಿ ಹೇಳ್ತಿದ್ರು.

"ಇದು ನಿಜಾನಾ, ಸುಳ್ಳಾ?" ಅಂತ ಕೇಳಿದ.

ಅರ್ಧ ನಿಜ. ಆ ಅರ್ಧ ನಿಜವನ್ನು ನಂಬಿ ನಾನೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಅದಕ್ಕೇ ಈ ವಾರ ಗಿಡದ ಒಳಗೆ ಏನು ನಡೆಯುತ್ತದೆ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ವಿಜ್ಞಾನ ಇದೆ, ಹೆದರಬೇಡಿ. ಕತ್ತಿ ಪರೀಕ್ಷೆ ಗೊತ್ತಿದ್ದವರಿಗೆ ಇದೂ ಅರ್ಥವಾಗುತ್ತದೆ.

ಕತ್ತಿಯ ಮೇಲೆ ಆಗುವುದೇನು?

ದ್ರಾವಣದಲ್ಲಿ ಸುಣ್ಣ ಕಮ್ಮಿಯಾದಾಗ ತಾಮ್ರ ಬಿಡಿಯಾಗಿ ಉಳಿದಿರುತ್ತದೆ. ಕತ್ತಿಯ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಆ ತಾಮ್ರಕ್ಕೆ ಕೊಟ್ಟುಬಿಡುತ್ತದೆ. ಎಲೆಕ್ಟ್ರಾನು ಸಿಕ್ಕಿದ ತಾಮ್ರ ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಆ ಕೆಂಪು ಬಣ್ಣ ಅದೇ. ಎಲೆಕ್ಟ್ರಾನು ಕಳೆದುಕೊಳ್ಳುವುದು ಉತ್ಕರ್ಷಣ, ಪಡೆದುಕೊಳ್ಳುವುದು ಅಪಕರ್ಷಣ. ಎರಡೂ ಸೇರಿದರೆ ರೆಡಾಕ್ಸ್. ಹೈಸ್ಕೂಲಿನಲ್ಲಿ ಓದಿ ಮರೆತದ್ದು ಇದೇ. ಬೋರ್ಡೋವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಮಾಡಬಾರದು ಅನ್ನುವುದಕ್ಕೂ ಕಾರಣ ಇದೇ.

ಅಡುಗೆಮನೆಯಲ್ಲೂ ಇದು ದಿನಾ ನಡೆಯುತ್ತದೆ. ಬೆಣ್ಣೆಹಣ್ಣು ಕೊಯ್ದಿಟ್ಟರೆ ಕಂದಾಗುತ್ತದೆ, ನಿಂಬೆರಸ ಹಿಂಡಿದರೆ ಬೇಗ ಕಂದಾಗುವುದಿಲ್ಲ. ಬಾಳೆಹೂ ಬಿಡಿಸಿ ಮಜ್ಜಿಗೆ ನೀರಿಗೆ ಹಾಕುವುದೂ ಅದು ಕಪ್ಪಾಗಬಾರದು ಅಂತ. ಗಾಯವಾದ ಜಾಗದಲ್ಲಿ ಉತ್ಕರ್ಷಣ ನಡೆದು ಕಂದು ಬಣ್ಣ ಬರುತ್ತದೆ, ಹುಳಿ ಅದನ್ನು ತಡೆಯುತ್ತದೆ. ಗಿಡದ ಜೀವಕೋಶದ ಒಳಗೂ ಹೀಗೇ ಎರಡು ಪಕ್ಷ ಇವೆ. ಒಂದು ಪಕ್ಷ ಕಿಡಿ ಹಾರಿಸುತ್ತದೆ, ಇನ್ನೊಂದು ನೀರು ಹಾಕುತ್ತದೆ. ಗಿಡದ ರೋಗನಿರೋಧಕ ಶಕ್ತಿ ನಿಂತಿರುವುದರಲ್ಲಿ ಇವೆರಡರ ಸಮತೋಲನದ ಪಾಲು ದೊಡ್ಡದು.

ಮೊದಲು ಕಿಡಿ

ಶಿಲೀಂಧ್ರದ ಬೀಜಾಣು ಎಲೆಯ ಮೇಲೆ ಕೂತು ಒಳಗೆ ಬೇರು ಬಿಡಲು ನೋಡುತ್ತದೆ ಅಂದುಕೊಳ್ಳಿ. ಶಿಲೀಂಧ್ರದ ಗೋಡೆಯ ಚೂರುಗಳನ್ನು ಗುರುತಿಸುವ ಕಾವಲುಗಾರರು ಗಿಡದ ಜೀವಕೋಶದ ಹೊರಪೊರೆಯಲ್ಲಿ ಇದ್ದಾರೆ. ಗುರುತು ಸಿಕ್ಕಿದ ಕೂಡಲೇ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ಪೊರೆಯಲ್ಲಿರುವ ಒಂದು ಕಿಣ್ವ ಆಮ್ಲಜನಕಕ್ಕೆ ಎಲೆಕ್ಟ್ರಾನು ಅಂಟಿಸಿ ಹೊರಗೆ ಎಸೆಯುತ್ತದೆ. ಹಾಗೆ ಹುಟ್ಟುವುದೇ ಚುರುಕು ಆಮ್ಲಜನಕ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಹೌದು, ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಕೊಡುವುದೂ ಅದೇ.

ಈ ಕಿಡಿಗೆ ನಾಲ್ಕು ಕೆಲಸ. ಒಂದು, ರೋಗಾಣುವಿಗೆ ನೇರ ಪೆಟ್ಟು. ಎರಡು, ಜೀವಕೋಶದ ಗೋಡೆಯನ್ನು ಬಿಗಿ ಮಾಡುವುದು. ಮೂರು, ಅಕ್ಕಪಕ್ಕದ ಕೋಶಗಳಿಗೆ ಸುದ್ದಿ ಮುಟ್ಟಿಸುವುದು. ನಾಲ್ಕು, ಬೇಕಾದರೆ ಸೋಂಕು ತಗುಲಿದ ಕೋಶವನ್ನೇ ಕೊಂದುಬಿಡುವುದು.

ನಾಲ್ಕನೆಯದು ವಿಚಿತ್ರ ಅನ್ನಿಸಬಹುದು. ಆದರೆ ನಾಗರಹೊಳೆ ಕಡೆ ಓಡಾಡಿದವರು ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುವುದನ್ನು ನೋಡಿರುತ್ತೀರಿ. ಕಾಡಿಗೆ ಬೆಂಕಿ ಹರಡಬಾರದು ಅಂತ ತಾವೇ ಒಂದು ಪಟ್ಟಿಯಷ್ಟು ಜಾಗ ಸುಟ್ಟು ಬರಿದು ಮಾಡುತ್ತಾರೆ. ಗಿಡವೂ ಅದನ್ನೇ ಮಾಡುತ್ತದೆ. ಕೆಲವು ಕೋಶಗಳನ್ನು ಸುಟ್ಟುಕೊಂಡು ಉಳಿದ ಎಲೆಯನ್ನು ಕಾಪಾಡುತ್ತದೆ.

ಕಾಫಿಯ ಎಲೆ ತುಕ್ಕು ರೋಗ ಇದಕ್ಕೆ ಒಳ್ಳೆಯ ಉದಾಹರಣೆ. ತುಕ್ಕು ಅನ್ನುವ ಹೆಸರು ಕಿತ್ತಳೆ ಬಣ್ಣದಿಂದ ಬಂದದ್ದು, ಎಲೆಯಲ್ಲಿ ಕಬ್ಬಿಣ ಏನೂ ತುಕ್ಕು ಹಿಡಿಯುವುದಿಲ್ಲ. ಎಲೆಯ ಕೆಳಗಿನ ಆ ಪುಡಿ ಹೆಮಿಲಿಯಾ ಶಿಲೀಂಧ್ರದ ಬೀಜಾಣು. ಈ ಶಿಲೀಂಧ್ರಕ್ಕೆ ಊಟ ಸಿಗುವುದು ಜೀವಂತ ಕೋಶದಿಂದ ಮಾತ್ರ. ಹಾಗಾಗಿ ನಿರೋಧಕ ತಳಿಯಲ್ಲಿ ಸೋಂಕಿನ ಕೋಶ ಬೇಗ ಸತ್ತರೆ ಶಿಲೀಂಧ್ರ ಉಪವಾಸ ಬೀಳುತ್ತದೆ. ಎಲೆಯಲ್ಲಿ ಸಣ್ಣ ಚುಕ್ಕೆ ಮಾತ್ರ ಉಳಿಯುತ್ತದೆ, ಕಿತ್ತಳೆ ಪುಡಿ ಬರುವುದಿಲ್ಲ.

ಹಾಗಾದರೆ ನಿರೋಧಕ ಅಂತ ಹೆಸರು ಮಾಡಿದ ತಳಿಗೂ ಕೊನೆಗೆ ತುಕ್ಕು ಬರುವುದು ಯಾಕೆ? ಕಿಡಿ ಹಾರಬೇಕಾದರೆ ಮೊದಲು ಕಾವಲುಗಾರ ಕಳ್ಳನನ್ನು ಗುರುತಿಸಬೇಕು. ತುಕ್ಕು ಶಿಲೀಂಧ್ರದಲ್ಲಿ ಬೇರೆ ಬೇರೆ ಪಂಗಡಗಳಿವೆ ಅಂತ 1930ರ ದಶಕದಲ್ಲಿ ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇನ್ ಅನ್ನುವ ವಿಜ್ಞಾನಿ ತೋರಿಸಿಕೊಟ್ಟರು. ಹಳೆಯ ಕೆಂಟ್ಸ್ ತಳಿ ಸೋತದ್ದು ಹೀಗೆ ಹೊಸ ಪಂಗಡ ಬಂದದ್ದರಿಂದ. ಅದೇ ಕೆಂಟ್ಸ್ ರಕ್ತ ಮತ್ತು ಲೈಬೀರಿಕಾ ಕಾಫಿಯ ನಿರೋಧಕ ಗುಣ ಎರಡೂ ಸೇರಿ ಬಂದ ತಳಿ ನಮ್ಮಲ್ಲಿ ಅರೇಬಿಕಾ ಬೆಳೆಯುವವರೆಲ್ಲ ಬಲ್ಲ ಎಸ್. 795. ಈಗ ಅದನ್ನೂ ದಾಟಿದ ಪಂಗಡಗಳಿವೆ. ಗಿಡದ ಹತ್ತಿರ ಆಯುಧ ಇಲ್ಲ ಅಂತಲ್ಲ, ಕಳ್ಳ ವೇಷ ಬದಲಿಸಿದ್ದಾನೆ, ಗಂಟೆ ಬಾರಿಸುವವರಿಲ್ಲ.

ಆಮೇಲೆ ನೀರು

ಕಿಡಿ ಹಾರಿಸಿದರಷ್ಟೇ ಸಾಲದು. ಆರಿಸದಿದ್ದರೆ ಮನೆಯೇ ಹೋಗುತ್ತದೆ. ಕೋಶದ ಒಳಗೆ ವಿಟಮಿನ್ ಸಿ, ಗ್ಲುಟಾಥಯೋನ್, ಕೆಲವು ಕಿಣ್ವಗಳು ಸೇರಿ ಹೆಚ್ಚುವರಿ ಕಿಡಿಯನ್ನು ನಂದಿಸುತ್ತವೆ. ಇಲ್ಲಿಯೇ ಒಂದು ಸ್ವಾರಸ್ಯದ ವಿಷಯ ಇದೆ. ಆರಿಸುವ ಕೆಲಸವೇ ಮುಂದಿನ ಸಂದೇಶವೂ ಹೌದು.

ಗಿಡಗಳಲ್ಲಿ ಎನ್‌ಪಿಆರ್1 ಅನ್ನುವ ಒಂದು ಪ್ರೋಟೀನು ಇದೆ. ರೋಗ ಇಲ್ಲದ ಸಮಯದಲ್ಲಿ ಇದರ ಬಹುಪಾಲು ಅಣುಗಳು ಗಂಧಕದ ಕೊಂಡಿಗಳಿಂದ ಒಂದಕ್ಕೊಂದು ಬೆಸೆದುಕೊಂಡು, ಕೋಶಕೇಂದ್ರದ ಹೊರಗೆ ಗುಂಪಾಗಿ ಬಿದ್ದಿರುತ್ತವೆ. ಸೋಂಕು ತಗುಲಿದಾಗ ಕೋಶದಲ್ಲಿ ಸ್ಯಾಲಿಸಿಲಿಕ್ ಆಮ್ಲ ಏರುತ್ತದೆ. ಮೊದಲು ಕಿಡಿಯ ಪಕ್ಷ ಮೇಲಾಗುತ್ತದೆ, ಆಮೇಲೆ ನೀರಿನ ಪಕ್ಷ. ಆ ಹೊತ್ತಿಗೆ ಥಯೋರೆಡಾಕ್ಸಿನ್ ಅನ್ನುವ ಇನ್ನೊಂದು ಪ್ರೋಟೀನು ಎಲೆಕ್ಟ್ರಾನು ಕೊಟ್ಟು ಆ ಗಂಧಕದ ಕೊಂಡಿಗಳನ್ನು ಬಿಚ್ಚುತ್ತದೆ. ಬಿಡಿಯಾದ ಎನ್‌ಪಿಆರ್1 ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ಜೀನುಗಳನ್ನು ಎಬ್ಬಿಸುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಷಿನ್ನಿಯಾನ್ ಡಾಂಗ್ ಅವರ ತಂಡ 2003ರಲ್ಲಿ ಸಾಸಿವೆ ಕುಟುಂಬದ ಒಂದು ಪುಟ್ಟ ಗಿಡದಲ್ಲಿ ಇದನ್ನು ತೋರಿಸಿತು. ಹಗ್ಗದಲ್ಲಿ ಕಟ್ಟಿದ ನಾಯಿಯನ್ನು ಕಳ್ಳ ಬಂದಾಗ ಮಾತ್ರ ಬಿಚ್ಚಿದ ಹಾಗೆ.

ಹೀಗೆ ಒಂದು ಎಲೆಯಲ್ಲಿ ಎದ್ದ ಎಚ್ಚರ ಇಡೀ ಗಿಡಕ್ಕೆ ಹರಡುತ್ತದೆ. ಕೆಳಗಿನ ಎಲೆಗಳಿಗೆ ರೋಗ ಹಚ್ಚಿದ ತಂಬಾಕು ಗಿಡದಲ್ಲಿ ಮೇಲಿನ ಎಲೆಗಳು ಆ ರೋಗವನ್ನು ತಡೆದುಕೊಳ್ಳುತ್ತವೆ ಅಂತ ಫ್ರಾಂಕ್ ರಾಸ್ 1961ರಲ್ಲೇ ಬರೆದಿದ್ದರು.

ಆಸ್ಪಿರಿನ್ ಕಥೆ ಎಲ್ಲಿಂದ ಬಂತು?

ಆಸ್ಪಿರಿನ್ ಅಂದರೆ ಸ್ಯಾಲಿಸಿಲಿಕ್ ಆಮ್ಲದ ಹತ್ತಿರದ ನೆಂಟ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ವೈಟ್ ಅನ್ನುವವರು 1979ರಲ್ಲಿ ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿದಾಗ ಮೊಸಾಯಿಕ್ ವೈರಸ್ಸಿನ ಚುಕ್ಕೆಗಳು ಕಮ್ಮಿಯಾದವು. ವಿಡಿಯೊದ ಅರ್ಧ ನಿಜ ಇದು. ಆದರೆ ಅದು ತಂಬಾಕು, ವೈರಸ್, ಪ್ರಯೋಗಾಲಯ. ನಮ್ಮದು ಮೆಣಸು, ಫೈಟೋಫ್ತೊರಾ, ಮಡಿಕೇರಿಯ ಜುಲೈ ಮಳೆ.

ಈಗ ನನ್ನ ಕಥೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಓದುವಾಗ ಈ ಪಾಠ ಕೇಳಿ ಖುಷಿಪಟ್ಟವಳು ನಾನು. ನಾಲ್ಕು ವರ್ಷದ ಹಿಂದೆ ನರ್ಸರಿಯಲ್ಲಿ 300 ಪಾಲಿಥೀನ್ ಚೀಲಗಳಲ್ಲಿ ಪಣಿಯೂರು ಬಳ್ಳಿ ಬೇರು ಬಿಟ್ಟಿತ್ತು. ಸ್ಯಾಲಿಸಿಲಿಕ್ ಆಮ್ಲದ ಪುಡಿ ತಂದೆ. ಓದಿದ್ದ ಪ್ರಮಾಣಕ್ಕಿಂತ ಮೂರು ಪಟ್ಟು ಹಾಕಿದೆ, "ಸ್ವಲ್ಪ ಜಾಸ್ತಿ ಇರಲಿ" ಅಂತ. ವಾರಕ್ಕೊಮ್ಮೆ ಮೂರು ಸಲ ಹೊಡೆದೆ. ಎರಡನೇ ಸಲಕ್ಕೆ ಎಲೆಯ ಅಂಚು ಸುಟ್ಟಿತು. ಮೂರನೇ ಸಲಕ್ಕೆ ಚಿಗುರು ನಿಂತೇಹೋಯಿತು. ಜುಲೈನಲ್ಲಿ ಉಳಿದ ಬಳ್ಳಿಗಳಿಗೂ ಕಪ್ಪು ಚುಕ್ಕೆ ಬಂತು. ನೆಡಲು ಸಿಕ್ಕಿದ್ದು 110 ಮಾತ್ರ. ಓದಿದವಳು ಅನ್ನುವ ಧೈರ್ಯದಲ್ಲಿ ಒಂದು ಚೀಲಕ್ಕೂ ಹೊಡೆಯದೆ ಬಿಟ್ಟು ಹೋಲಿಸಿ ನೋಡಲಿಲ್ಲ. ಅದೇ ದೊಡ್ಡ ತಪ್ಪು.

ಏನಾಯಿತು ಅಂತ ಈಗ ನನಗೆ ಅರ್ಥವಾಗಿರುವುದು ಹೀಗೆ.

ಒಂದು, ಎಚ್ಚರಕ್ಕೆ ಖರ್ಚಿದೆ. ರಕ್ಷಣೆಗೆ ಹೋಗುವ ಸಕ್ಕರೆ, ಸಾರಜನಕ ಬೆಳವಣಿಗೆಗೆ ಸಿಗುವುದಿಲ್ಲ. ಸದಾ ಸ್ಯಾಲಿಸಿಲಿಕ್ ಆಮ್ಲ ಏರಿಸಿಕೊಂಡೇ ಇರುವ ಗಿಡಗಳು ಪ್ರಯೋಗಾಲಯದಲ್ಲೂ ಕುಳ್ಳಾಗುತ್ತವೆ. ದಿನಾ ರಾತ್ರಿ ನಿದ್ದೆಗೆಟ್ಟು ಆನೆ ಕಾದರೆ ಬೆಳಿಗ್ಗೆ ತೋಟದ ಕೆಲಸ ಆಗುತ್ತಾ?

ಎರಡು, ಎಲ್ಲ ಕಳ್ಳರೂ ಒಂದೇ ಅಲ್ಲ. ತುಕ್ಕಿಗೆ ಜೀವಂತ ಕೋಶ ಬೇಕು, ಅದಕ್ಕೆ ಬೆಂಕಿ ರೇಖೆ ಸರಿ. ಕೋಶವನ್ನು ಕೊಂದು ತಿನ್ನುವ ಶಿಲೀಂಧ್ರಗಳಿಗೆ ಸತ್ತ ಕೋಶ ಅಂದರೆ ಬಡಿಸಿಟ್ಟ ಎಲೆ. ಮೆಣಸಿನ ಫೈಟೋಫ್ತೊರಾ ಮೊದಲು ಜೀವಂತ ಕೋಶದಲ್ಲಿ ಇದ್ದು ಆಮೇಲೆ ಕೊಲ್ಲುತ್ತದೆ. ಕಿಡಿ ಬೇಗ ಹಾರಿದರೆ ಬಳ್ಳಿ ಗೆಲ್ಲುತ್ತದೆ, ತಡವಾದರೆ ಅದೇ ಕಿಡಿ ರೋಗಕ್ಕೆ ಸಹಾಯ. ಸ್ಯಾಲಿಸಿಲಿಕ್ ಆಮ್ಲದ ದಾರಿ ಜೋರಾದರೆ ಹುಳುಗಳ ವಿರುದ್ಧ ಕೆಲಸ ಮಾಡುವ ಇನ್ನೊಂದು ದಾರಿ ಅನೇಕ ಸಲ ತಗ್ಗುತ್ತದೆ.

ಮೂರು, ಎಚ್ಚರ ಇದ್ದರೂ ರೋಗದ ಹೊರೆ ತೀರಾ ಹೆಚ್ಚಾದರೆ ಗಿಡ ಸೋಲುತ್ತದೆ. ಫೈಟೋಫ್ತೊರಾದ ಬೀಜಾಣು ನೀರಿನಲ್ಲಿ ಈಜುತ್ತದೆ. ಬುಡದಲ್ಲಿ ನೀರು ನಿಂತ ಬಳ್ಳಿಗೆ ಯಾವ ಮಾತ್ರೆಯೂ ಸಾಲದು.

"ಹಾಗಾದರೆ ಪೆರಾಕ್ಸೈಡನ್ನೇ ಹೊಡೆದರೆ?" ಅಂತ ಕೇಳುವವರಿಗೂ ಇದೇ ಉತ್ತರ. ಗಿಡ ಅದನ್ನು ಬೇಕಾದ ಕೋಶದಲ್ಲಿ, ಬೇಕಾದ ನಿಮಿಷದಲ್ಲಿ, ಬೇಕಾದಷ್ಟೇ ಮಾಡುತ್ತದೆ. ನಾವು ಸ್ಪ್ರೇಯರಿನಿಂದ ಹಾಗೆ ಮಾಡಲು ಆಗುವುದಿಲ್ಲ.

ನಮ್ಮ ಕೈಯಲ್ಲಿ ಏನಿದೆ?

ಕಿಡಿ ಮತ್ತು ನೀರು ಎರಡನ್ನೂ ಗಿಡವೇ ಸಿದ್ಧವಾಗಿ ಇಟ್ಟುಕೊಳ್ಳುವ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ನನ್ನ ತೋಟದಲ್ಲಿ ಮಾಡುವುದು ಇಷ್ಟು.

1. ನೀರು ಬಸಿಯಲಿ. ಬೇರಿಗೆ ಗಾಳಿ ಇಲ್ಲದಿದ್ದರೆ ಶಕ್ತಿ ಇಲ್ಲ, ಶಕ್ತಿ ಇಲ್ಲದಿದ್ದರೆ ರಕ್ಷಣೆ ಇಲ್ಲ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ತಗ್ಗಿನ ಭಾಗದಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ನೀರು ಇಳಿದ ಮೇಲೆ ಬಳ್ಳಿಗಳು ಸೊರಗಿದವು. ಉಸಿರುಗಟ್ಟಿದ ಬೇರಿಗೆ ಒಮ್ಮೆಲೇ ಗಾಳಿ ಸಿಕ್ಕಾಗಲೂ ಕೋಶದಲ್ಲಿ ಕಿಡಿ ಏರುತ್ತದೆ, ಆರಿಸುವ ದಾಸ್ತಾನು ಅಷ್ಟರಲ್ಲಿ ಖಾಲಿಯಾಗಿರುತ್ತದೆ. ಮಳೆ ಹಿಡಿಯುವ ಮೊದಲೇ ಚರಂಡಿ ಬಿಡಿಸಿ.

2. ಮಣ್ಣು ಪರೀಕ್ಷೆ, ಸುಣ್ಣ. ಕೊಡಗಿನ ಮಣ್ಣು ಹೆಚ್ಚಾಗಿ ಹುಳಿ. ಕೋಶದ ಗೋಡೆಗೂ, ಅಪಾಯದ ಸುದ್ದಿ ಮುಟ್ಟಿಸಲಿಕ್ಕೂ ಕ್ಯಾಲ್ಸಿಯಂ ಬೇಕು. ಎಷ್ಟು ಸುಣ್ಣ ಅನ್ನುವುದನ್ನು ವರದಿ ನೋಡಿಯೇ ಹಾಕಿ.

3. ಸಣ್ಣ ಪೋಷಕಾಂಶ ಮರೆಯಬೇಡಿ. ಕಿಡಿ ಆರಿಸುವ ಮುಖ್ಯ ಕಿಣ್ವಗಳು ಕೆಲಸ ಮಾಡಲು ಸತು, ತಾಮ್ರ, ಮ್ಯಾಂಗನೀಸ್, ಕಬ್ಬಿಣ ಬೇಕು. ಗ್ಲುಟಾಥಯೋನಿಗೆ ಗಂಧಕ ಬೇಕು. ನಮ್ಮ ಕಾಫಿಯಲ್ಲಿ ಸತುವಿನ ಕೊರತೆ ಸಾಮಾನ್ಯ. ಎಲೆ ಕಿರಿದಾಗಿ, ನರಗಳ ನಡುವೆ ಹಳದಿಯಾದರೆ ಅನುಮಾನಿಸಿ. ಯೂರಿಯಾ ಜಾಸ್ತಿ ಹಾಕಿ ಚಿಗುರು ಮೆತ್ತಗೆ ಮಾಡಬೇಡಿ.

4. ಮರಗಸಿ ಹದವಾಗಿರಲಿ. ಬಿಸಿಲು ಜಾಸ್ತಿಯಾದರೆ ಎಲೆಯ ಹಸಿರು ಭಾಗದಲ್ಲೇ ಕಿಡಿ ಹುಟ್ಟುತ್ತದೆ, ಆರಿಸುವ ದಾಸ್ತಾನು ಅದಕ್ಕೇ ಖರ್ಚಾಗುತ್ತದೆ. ನೆರಳು ಜಾಸ್ತಿಯಾದರೆ ಎಲೆ ಒಣಗುವುದಿಲ್ಲ, ತುಕ್ಕಿನ ಬೀಜಾಣುವಿಗೆ ಮೊಳೆಯಲು ಅನುಕೂಲ. ಅರೇಬಿಕಾದಲ್ಲಿ ಫಸಲು ತೀರಾ ಹೊತ್ತ ವರ್ಷ ತುಕ್ಕು ಜೋರಾಗುವುದನ್ನು ನೀವೂ ನೋಡಿರುತ್ತೀರಿ. ಕಸಿ ಮಾಡಿ ಹೊರೆ ಇಳಿಸುವುದೂ ರೋಗ ನಿಯಂತ್ರಣವೇ.

5. ಬೇರಿನ ಗೆಳೆಯರು. ಟ್ರೈಕೋಡರ್ಮಾ, ಸೂಡೊಮೊನಾಸ್ ರೋಗಾಣುವಿನ ಜತೆ ಜಗಳ ಆಡುವುದಷ್ಟೇ ಅಲ್ಲ. ಬೇರಿನ ಕೆಲವು ಬ್ಯಾಕ್ಟೀರಿಯಾಗಳು ಗಿಡವನ್ನು ಅರ್ಧ ಎಚ್ಚರದಲ್ಲಿ ಇಡುತ್ತವೆ, ಅದಕ್ಕೂ ಎನ್‌ಪಿಆರ್1 ಬೇಕು ಅಂತ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ 1990ರ ದಶಕದಲ್ಲಿ ಕಂಡುಕೊಂಡರು. ಇಲ್ಲಿ ಕಿಡಿ ಮೊದಲೇ ಹಾರುವುದಿಲ್ಲ, ರೋಗ ಬಂದಾಗ ಬೇಗ ಹಾರುತ್ತದೆ. ಹಾಗಾಗಿ ಖರ್ಚು ಕಮ್ಮಿ. ಮೆಣಸಿಗೆ ಬಳ್ಳಿಯೊಂದಕ್ಕೆ 50 ಗ್ರಾಂ ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜತೆ ಕೊಡಿ. ಬುಡಕ್ಕೆ ತಾಮ್ರದ ದ್ರಾವಣ ಹಾಕುವ ಸಮಯಕ್ಕೂ ಇದಕ್ಕೂ ಒಂದೆರಡು ವಾರ ಅಂತರ ಇರಲಿ. ಇವೂ ಜೀವಿಗಳೇ, ತಾಮ್ರ ಅವಕ್ಕೂ ಪೆಟ್ಟು.

6. ಬೋರ್ಡೋ ಬಿಡಬೇಡಿ. ಮೆಣಸಿಗೆ ಶೇಕಡಾ 1, ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಾಫಿ ತುಕ್ಕಿಗೆ ಶೇಕಡಾ 0.5, ಮುಂಗಾರಿಗೆ ಮೊದಲು ಒಮ್ಮೆ, ಮುಂಗಾರು ಮುಗಿದ ಮೇಲೆ ಒಮ್ಮೆ. ಇದು ಹೊರಗಿನ ಬೇಲಿ. ಬೇಲಿ ಗಟ್ಟಿ ಇದ್ದರೆ ಒಳಗಿನ ಕಾವಲುಗಾರನಿಗೆ ಕೆಲಸ ಹಗುರ. ಸಾವಯವ ಪ್ರಮಾಣಪತ್ರ ಇರುವವರು ತಾಮ್ರಕ್ಕೆ ಮಿತಿ ಇದೆ ಅನ್ನುವುದು ನೆನಪಿಡಿ, ಪ್ರಮಾಣೀಕರಣ ಸಂಸ್ಥೆಯನ್ನು ಮೊದಲೇ ಕೇಳಿ. ಆಸ್ಪಿರಿನ್ ಬಗ್ಗೆಯೂ ಅಷ್ಟೇ, "ನೈಸರ್ಗಿಕ" ಅಂತ ವಿಡಿಯೊದಲ್ಲಿ ಹೇಳಿದ ಮಾತ್ರಕ್ಕೆ ಅದು ಸಾವಯವಕ್ಕೆ ನಡೆಯುತ್ತದೆ ಅಂತಲ್ಲ.

7. ಹೊಸದಾಗಿ ನೆಡುವವರು ತಳಿ ಬೆರೆಸಿ ನೆಡಿ. ಮೆಣಸಿನಲ್ಲಿ ಶಕ್ತಿ, ತೇವಂ ತಳಿಗಳಿಗೆ ಫೈಟೋಫ್ತೊರಾ ತಡೆದುಕೊಳ್ಳುವ ಗುಣ ಇದೆ. ನಮ್ಮ ಪಕ್ಕದ ಅಪ್ಪಂಗಳದಲ್ಲೇ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಕಾಫಿಗೆ ಚೆಟ್ಟಳ್ಳಿಯ ಉಪಕೇಂದ್ರ, ಎಲ್ಲದಕ್ಕೂ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ. ವಿಡಿಯೊ ನೋಡಿದ ಮೇಲೆ ಒಮ್ಮೆ ಅಲ್ಲಿಗೂ ಫೋನ್ ಮಾಡಿ.

ಹುಡುಗ ಏನು ಮಾಡಿದ?

ಎಲ್ಲ ಕೇಳಿದ ಮೇಲೂ ಅವನಿಗೆ ಮಾತ್ರೆಯ ಆಸೆ ಪೂರ್ತಿ ಹೋಗಲಿಲ್ಲ. "ಒಂದು ಸಲ ನೋಡೇ ಬಿಡ್ತೀನಿ ಅಕ್ಕಾ" ಅಂದ. ನಾನು ಬೇಡ ಅನ್ನಲಿಲ್ಲ. ಉಳಿದ 260 ಬಳ್ಳಿಯಲ್ಲಿ 10 ಬಳ್ಳಿಗೆ ಮಾತ್ರ, ಕಮ್ಮಿ ಪ್ರಮಾಣದಲ್ಲಿ, ಒಂದೇ ಸಲ. ಅವಕ್ಕೂ ಚರಂಡಿ, ಟ್ರೈಕೋಡರ್ಮಾ, ಬೋರ್ಡೋ ಎಲ್ಲ ಉಳಿದ ಬಳ್ಳಿಗಳ ಹಾಗೇ. ಅದೇ ಸಾಲಿನಲ್ಲಿ ಮಾತ್ರೆ ಹೊಡೆಯದ 10 ಬಳ್ಳಿಗೆ ಬೇರೆ ಬಣ್ಣದ ಪಟ್ಟಿ ಕಟ್ಟಬೇಕು. ಸೆಪ್ಟೆಂಬರಿನಲ್ಲಿ ಎರಡನ್ನೂ ಎಣಿಸಬೇಕು. ನಾನು ಮಾಡದೇ ಬಿಟ್ಟ ಕೆಲಸ ಅದು. ಅವನಾದರೂ ಮಾಡಲಿ.

ಅಷ್ಟು ಹೊತ್ತಿಗೆ ನನ್ನ ಡ್ರಮ್ಮಿನ ದ್ರಾವಣ ಕಲಸಿ ಆಗಿತ್ತು. ಕತ್ತಿಯನ್ನು ಅವನ ಕೈಗೇ ಕೊಟ್ಟೆ. ಅದ್ದಿ ತೆಗೆದ. ಅಲಗಿನ ಮೇಲೆ ಕೆಂಪು.

"ಸುಣ್ಣ ಸಾಲದು" ಅಂದ, ನಾನು ಹೇಳುವ ಮೊದಲೇ. ಎರಡು ಚೊಂಬು ಸುಣ್ಣದ ತಿಳಿ ಹಾಕಿ ಮತ್ತೆ ಅದ್ದಿದ. ಈ ಸಲ ಅಲಗು ಹಾಗೇ ಬೆಳ್ಳಗೆ ಉಳಿಯಿತು. ಮಾರನೆಯ ಬೆಳಿಗ್ಗೆ ಬಿಸಿಲು ಇತ್ತು, ಅವನ ತೋಟದಲ್ಲಿ ಸ್ಪ್ರೇಯರಿನ ಸದ್ದು ಕೇಳಿಸಿತು.